ಅಂಗಳಕ್ಕಿಳಿದ ಭೂಗೋಳ

ಹೊಂಗೆಹಳ್ಳಿಗೆ ಹೆಣ್ಣುಮಕ್ಕಳ ಪಾಠಶಾಲೆ ಬಂದದ್ದು ಮಾರಿಕಣಿವೆಯ ಅಣೆಕಟ್ಟೆ ಮುಗಿದ ಎರಡನೆಯ ವರ್ಷ. ಕಲಿಸಲು ಬರುವವರೂ ಹೆಂಗಸೇ ಎಂದು ತಿಳಿದಾಗ ಅವರನ್ನು ಕರೆಯುವುದು ಹೇಗೆಂಬ ಚಿಂತೆ ಊರಿಗೆ ಹತ್ತಿತು. ಮೇಷ್ಟ್ರು ಎಂದರೆ ರುಮಾಲು, ಬೆತ್ತ, ನಶ್ಯದ ಡಬ್ಬಿ. ಈಕೆಗೋ ಆ ಮೂರೂ ಇಲ್ಲ. ಹಣೆ ತುಂಬ ವಿಭೂತಿ, ಕೈಯಲ್ಲೊಂದು ಬಟ್ಟೆಯ ಚೀಲ, ಚೀಲದೊಳಗೆ ದಾರಿಯಲ್ಲಿ ಆಯ್ದ ಬಣ್ಣಬಣ್ಣದ ಕಲ್ಲು. ಬಂಡಿಯಿಂದ ಅವರ ಪೆಟ್ಟಿಗೆ ಇಳಿಸಿದ ಜುಂಜಣ್ಣ ಬಾಯಿತಪ್ಪಿ "ಮೇಷ್ಟ್ರಮ್ಮ" ಅಂದುಬಿಟ್ಟ. ಅದೇ ನಿಂತಿತು.

ಮೇಷ್ಟ್ರಮ್ಮನ ಹೆಸರು ಅನ್ನಪೂರ್ಣಮ್ಮ. ಹೊಳಲ್ಕೆರೆ ಕಡೆಯವರು, ಮೈಸೂರಿನಲ್ಲಿ ಓದಿ ಬಂದವರು. ಪಟೇಲ ರೇವಣಸಿದ್ದಪ್ಪನವರ ಹಳೆಯ ಮನೆಯ ಪಡಸಾಲೆಯೇ ಶಾಲೆ. ಅದರ ಮುಂದೆ ಎರಡು ಜೋಡಿ ಬಂಡಿ ತಿರುಗುವಷ್ಟು ಅಗಲದ ಅಂಗಳ. ಹದಿನೆಂಟು ಹುಡುಗಿಯರು ಸೇರಿದರು. ಅವರಲ್ಲಿ ಹತ್ತು ವರ್ಷದ ತಿಪ್ಪಮ್ಮ ಒಬ್ಬಳು.

ತಿಪ್ಪಮ್ಮ ತಾಯಿಯ ಹಾಲಿಗಿಂತ ಅಜ್ಜಿಯ ಕತೆ ಕುಡಿದೇ ಬೆಳೆದವಳು. ಅಜ್ಜಿ ಮರುಳಸಿದ್ದಮ್ಮನ ಕತೆಗಳೆಲ್ಲ ಒಂದೇ ಊರಿನಲ್ಲಿ ಶುರುವಾಗುತ್ತಿದ್ದವು. "ನಮ್ಮ ನೇರಲಗೊಂದ್ಯಾಗೆ ಒಬ್ಬ ರಾಜಕುಮಾರಿ ಇದ್ಲಂತೆ." ನೇರಲಗೊಂದಿಯ ಹುಲಿ ಮಾತಾಡುತ್ತಿತ್ತು, ನೇರಲಗೊಂದಿಯ ಹುತ್ತದಲ್ಲಿ ಏಳು ಹೆಡೆಯ ಸರ್ಪ ಮಣಿ ಕಾಯುತ್ತಿತ್ತು. ಅಜ್ಜಿಯ ತವರು ಅದು, ಕಣಿವೆಯ ನೀರಿನಲ್ಲಿ ಮುಳುಗಿತು ಎಂದು ಅಪ್ಪ ಪಂಚಾಕ್ಷರಪ್ಪ ಒಮ್ಮೆ ಹೇಳಿದ್ದರೂ ತಿಪ್ಪಮ್ಮ ಅದನ್ನು ನಂಬಿರಲಿಲ್ಲ. ಹುಲಿ ಮಾತಾಡುವ ಊರನ್ನು ಕಟ್ಟೆ ಕಟ್ಟಿ ಮುಳುಗಿಸಲಿಕ್ಕಾಗುತ್ತದೆಯೇ? ಕತೆಯ ಊರು ಕತೆಯಲ್ಲೇ ಇರುತ್ತದೆ ಅಂದುಕೊಂಡಿದ್ದಳು.

ಭೂಗೋಳದ ಮೊದಲ ಪಾಠದ ದಿನ ಮೇಷ್ಟ್ರಮ್ಮ ಸರ್ಕಾರದಿಂದ ಬಂದಿದ್ದ ಬಟ್ಟೆಯ ಭೂಪಟವನ್ನು ಗೋಡೆಗೆ ತೂಗುಹಾಕಿದರು.

"ಉತ್ತರ ದಿಕ್ಕು ಯಾವ ಕಡೆ ಐತೆ, ತೋರ್ಸ್ರಿ ನೋಡಾಣ."

ಹದಿನೆಂಟು ಕೈಗಳು ಒಂದೇ ಸಲ ಜಂತೆಯ ಕಡೆಗೆ ಎದ್ದವು. ಪಟದಲ್ಲಿ ಉತ್ತರ ಮೇಲೆ ಇತ್ತಲ್ಲ!

"ಹಂಗಾರೆ ಚಿತ್ರದುರ್ಗಕ್ಕೆ ಹೋಗಾಕೆ ಏಣಿ ಹಾಕ್ಬೇಕೇನ್ರೇ?" ಎಂದರು ಮೇಷ್ಟ್ರಮ್ಮ. "ದಕ್ಷಿಣ ಎಲ್ಲೈತೆ?"

ಹುಡುಗಿಯರು ನೆಲ ನೋಡಿದರು. ಪಟೇಲರ ಮನೆಯ ಕಮಲಿ ಮಾತ್ರ ಧೈರ್ಯಮಾಡಿ, "ನೆಲದಡಿ ಇರೋ ನಮ್ಮ ಹಗೇವಿನಾಗೆ, ಜ್ವಾಳದ ಕೆಳಗೆ" ಅಂದಳು.

ಬೇರೆ ಯಾರಾದರೂ ಆಗಿದ್ದರೆ ಕಿವಿ ಹಿಂಡುತ್ತಿದ್ದರು, ಇಲ್ಲವೇ ನಾಲ್ಕು ದಿಕ್ಕನ್ನು ನೂರು ಸಲ ಒಪ್ಪಿಸಲು ಹೇಳುತ್ತಿದ್ದರು. ಮೇಷ್ಟ್ರಮ್ಮ ಹೊಟ್ಟೆ ಹಿಡಿದು ನಕ್ಕರು, ಆಮೇಲೆ ಗೋಡೆಯ ಪಟವನ್ನು ಬಿಚ್ಚಿ ಸುರುಳಿ ಸುತ್ತಿಟ್ಟರು. "ತಪ್ಪು ನಿಮ್ದಲ್ಲ ಕಣ್ರವ್ವ, ಗ್ವಾಡೇದು. ಭೂಮಿ ಎಲ್ಲಾರ ಗ್ವಾಡೆ ಮ್ಯಾಲೆ ಇರ್ತೈತಾ? ನಡೀರಿ, ಹೊರಗೆ ಹೋಗಾಣ."

ಅಂಗಳದ ನಡುವೆ ಒಂದು ಕೋಲು ನೆಟ್ಟು ನೆರಳು ಗುರುತು ಮಾಡಿಸಿದರು. ಬೆಳಗ್ಗೆಯ ನೆರಳು, ಮಧ್ಯಾಹ್ನದ ಗಿಡ್ಡ ನೆರಳು, ಸಂಜೆಯ ಉದ್ದ ನೆರಳು. ಮೂರು ದಿನದಲ್ಲಿ ದಿಕ್ಕುಗಳು ಜಂತೆಯಿಂದಲೂ ಹಗೇವಿನಿಂದಲೂ ಇಳಿದು, ಏರಿ, ತಮ್ಮತಮ್ಮ ಜಾಗದಲ್ಲಿ ಬಂದು ನಿಂತವು. ನಾಲ್ಕನೆಯ ದಿನ ಎಲ್ಲರೂ ಸೇರಿ ಅಂಗಳ ಸಾರಿಸಿದರು. ಮೇಷ್ಟ್ರಮ್ಮ ಬಗ್ಗಿ, ರಂಗೋಲಿ ಪುಡಿ ಹಿಡಿದು, ಸೀಮೆಯ ಗಡಿಯನ್ನು ಎಳೆದರು. ವೇದಾವತಿ ಹೊಳೆಗೂ ಕಣಿವೆಯಲ್ಲಿ ನಿಂತ ನೀರಿಗೂ ನೀಲಿಪುಡಿ. ಚಿತ್ರದುರ್ಗದ ಬೆಟ್ಟಕ್ಕೆ ಚೀಲದ ಕರಿಗಲ್ಲುಗಳ ಗುಪ್ಪೆ. ಹೊಸದುರ್ಗದ ಜಾಗದಲ್ಲಿ ತೆಂಗಿನ ಕರಟ ಬೋರಲಾಯಿತು, ಹೊಳಲ್ಕೆರೆಗೆ ಅಡಿಕೆ ಗೋಟು. ಹಿರಿಯೂರಿಗೆ ಏನಿಡುವುದೆಂದು ಜಗಳವಾಯಿತು. ದಾರಿಗಳೆಲ್ಲ ಅಲ್ಲಿ ಕೂಡುವುದರಿಂದ ಬಂಡಿಯ ಗಾಲಿ ಹಿಡಿದಿಡುವ ಕಡಾಣಿ ಇಡೋಣ ಅಂದವಳು ತಿಪ್ಪಮ್ಮ. ಮೇಷ್ಟ್ರಮ್ಮ ತಲೆದೂಗಿದಾಗ ಅವಳಿಗೆ ಒಂದು ಗೇಣು ಎತ್ತರವಾದಂತೆ ಅನಿಸಿತು.

ರಂಗೋಲಿ ತುಳಿಯಬಾರದೆಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ಮೇಷ್ಟ್ರಮ್ಮ ಒಂದು ಊರಿನಿಂದ ಇನ್ನೊಂದಕ್ಕೆ ಕೆಮ್ಮಣ್ಣಿನ ದಾರಿಗಳನ್ನು ಹಾಸಿದರು. "ದಾರಿ ಇರೋದೇ ನಡಿಯಾಕೆ. ಅದನ್ನ ತುಳೀರಿ, ಬ್ಯಾರೆ ಎಲ್ಲೂ ಕಾಲಿಡಂಗಿಲ್ಲ." ಆಮೇಲೆ ಕೇಳಬೇಕೆ! ಹುಡುಗಿಯರು ಹಿರಿಯೂರಿನಿಂದ ದುರ್ಗಕ್ಕೆ ಓಡಿದರು, ದುರ್ಗದಿಂದ ಹೊಳಲ್ಕೆರೆಗೆ ಲಂಗ ಎತ್ತಿ ಹಾರಿದರು. ಬಾಗಿಲ ಆಚೆ ಬೀದಿ ದಾಟದ ಕಾಲುಗಳು ಒಂದು ಹೊತ್ತಿನಲ್ಲಿ ನಾಲ್ಕು ತಾಲ್ಲೂಕು ಸುತ್ತಿ ಬಂದವು.

ತಿಪ್ಪಮ್ಮ ಆ ಸಂಜೆ ಮನೆಗೆ ನಡೆದು ಬರಲಿಲ್ಲ, ತೇಲಿ ಬಂದಳು. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು.

"ಅಜ್ಜೀ, ನಮ್ಮ ಸೀಮೆನೆಲ್ಲ ಅಂಗಳದಾಗೆ ಬರೆದ್ವಿ! ನಮ್ಮೂರೂ ಐತೆ!"

"ಹೌದೇನೇ? ಎಂಗೆ ಬರೆದ್ರಿ? ಯಾವ ಕಡೀಕೆ ತಲೆ?"

"ಉತ್ತರಕ್ಕೆ ತಲೆ, ದಕ್ಷಿಣಕ್ಕೆ ಕಾಲು. ನಕ್ಷೆ ಯಾವತ್ತೂ ಹಂಗೇ ಅಂತೆ."

ಅಜ್ಜಿಯ ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು. "ಉತ್ತರಕ್ಕೆ ತಲೆ ಹಾಕಿ ಮಲಗ್ಸಿದಾರಾ? ಬದುಕಿರೋ ಊರನ್ನ?"

ಉತ್ತರಕ್ಕೆ ತಲೆಯಿಟ್ಟು ಮಲಗಿದ ಆನೆಯ ತಲೆ ಹೋದ ಕತೆಯನ್ನು ತಿಪ್ಪಮ್ಮ ಅದೇ ಬಾಯಿಂದ ಎಷ್ಟು ಸಲ ಕೇಳಿರಲಿಲ್ಲ! ಆ ಮನೆಯಲ್ಲಿ ಹಸುಗೂಸಿನ ತೊಟ್ಟಿಲನ್ನೂ ದಿಕ್ಕು ನೋಡಿಯೇ ಕಟ್ಟುತ್ತಿದ್ದರು. ಆಡಿದ ಮಾತನ್ನು ನುಂಗಿಕೊಳ್ಳುವಂತಿದ್ದರೆ ಅವಳು ಅಲ್ಲೇ ನುಂಗಿಬಿಡುತ್ತಿದ್ದಳು.

ಮರುದಿನ ಬೆಳಗ್ಗೆ ಪಕ್ಕದ ಕೇರಿಯಲ್ಲಿ ಒಂದು ಕರು ಸತ್ತಿತು. ಅಜ್ಜಿ ಬಾವಿಕಟ್ಟೆಯಲ್ಲಿ ಎರಡು ಮಾತು ಆಡಿದಳು. ಬಾವಿಕಟ್ಟೆಯಲ್ಲಿ ಬಿದ್ದ ಮಾತು ನೀರಿನ ಜತೆ ಮನೆಮನೆಗೂ ಹೋಗುತ್ತದೆ. ಆ ದಿನ ಶಾಲೆಗೆ ಬಂದವರು ಏಳು ಮಂದಿ, ಮರುದಿನ ನಾಲ್ಕು. ತಿಪ್ಪಮ್ಮನನ್ನು ಅಜ್ಜಿ ಹೊಸಿಲು ದಾಟಲು ಬಿಡಲಿಲ್ಲ.

ಸೋಮವಾರ ಪರೀಕ್ಷೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಅವತ್ತು ಹದಿನೈದಕ್ಕಿಂತ ಕಡಿಮೆ ಹುಡುಗಿಯರಿದ್ದರೆ ಶಾಲೆಯನ್ನು ಮುಚ್ಚಿ ಮೇಷ್ಟ್ರಮ್ಮನನ್ನು ಬೇರೆ ಕಡೆ ಕಳಿಸುವುದೆಂದು ಮೊದಲೇ ಕಾಗದ ಬಂದಿತ್ತು. ಅದು ಊರಿಗೆಲ್ಲ ಗೊತ್ತು. ಆ ನಾಲ್ವರು ಬಂದ ದಿನ ಗುರುವಾರ.

ಶುಕ್ರವಾರ ಮಧ್ಯಾಹ್ನ ಅಜ್ಜಿ ತೂಕಡಿಸುವಾಗ ತಿಪ್ಪಮ್ಮ ಹಿತ್ತಲ ಬೇಲಿ ನುಸುಳಿ ಶಾಲೆಗೆ ಓಡಿದಳು. ಖಾಲಿ ಅಂಗಳದಲ್ಲಿ ಮೇಷ್ಟ್ರಮ್ಮ ಒಬ್ಬರೇ ಕೂತು, ಕೋಳಿ ಕೆದರಿದ್ದ ಹೊಸದುರ್ಗವನ್ನು ಸರಿಮಾಡುತ್ತಿದ್ದರು.

"ನಾನೇ ಹೇಳಿಬಿಟ್ಟೆ ಮೇಷ್ಟ್ರಮ್ಮ. ಉತ್ತರಕ್ಕೆ ತಲೆ ಅಂತ ನಾನೇ ಅಜ್ಜಿ ಮುಂದೆ ಅಂದೆ. ಶಾಲೆ ಮುಚ್ಚಿಸಿದ್ದು ನಾನೇ." ಅಷ್ಟು ಹೇಳುವಷ್ಟರಲ್ಲಿ ಅವಳ ಮೂಗು ಕಣ್ಣು ಎಲ್ಲ ಒಂದಾಗಿದ್ದವು.

ಅಜ್ಜಿಯನ್ನು ಬೈಯುತ್ತಾರೆ, ಇಲ್ಲವೇ ಮೂಢರೆಂದು ನಗುತ್ತಾರೆ ಎಂದು ಹೆದರಿದ್ದಳು. ಮೇಷ್ಟ್ರಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು. "ಕಲಿತಿದ್ದನ್ನ ಮನೆಗೆ ಹೋಗಿ ಹೇಳಿದ್ರೆ ಅದು ತಪ್ಪಾ? ಹೇಳ್ದಿದ್ರೆ ತಪ್ಪು." ಸ್ವಲ್ಪ ಹೊತ್ತು ನೀಲಿಪುಡಿಯ ಕಡೆ ನೋಡುತ್ತಿದ್ದು, "ನಿಮ್ಮಜ್ಜಿ ತವರು ಯಾವುದೇ?" ಎಂದು ಕೇಳಿದರು.

"ನೇರಲಗೊಂದಿ. ಕಣಿವೆ ನೀರಾಗೆ ಮುಳುಗ್ತು ಅಂತಾನೆ ಅಪ್ಪ. ಆದ್ರೆ ಅದು ನಿಜ್ವಾದ ಊರಲ್ಲ. ಕತೇದು."

ಮೇಷ್ಟ್ರಮ್ಮ ಎದ್ದು ಕೈ ಕೊಡವಿದರು. "ನಡಿ. ನಿಮ್ಮನಿಗೆ ಹೋಗಾಣ."

ಮರುಳಸಿದ್ದಮ್ಮ ಮೇಷ್ಟ್ರಮ್ಮನನ್ನು ಬಾಗಿಲಲ್ಲಿ ನೋಡಿದಾಗ ಹುಬ್ಬು ಗಂಟಾದರೂ ಚಾಪೆ ಹಾಸದೆ ಇರಲಿಲ್ಲ. "ಬರ್ರಿ, ಕುಂತ್ಕಳ್ರಿ. ಹುಡುಗೀನ ಕಳಿಸ್ರಿ ಅಂತ ಕೇಳಾಕೆ ಬಂದಿದ್ರೆ ಮಾತ್ರ ಮಜ್ಜಿಗೆ ಕುಡುದು ಹೋಗ್ರಿ."

"ಅದಕ್ಕಲ್ಲ ಅಜ್ಜಿ. ಪಾಠದಾಗೆ ನಂಗೇ ಒಂದು ಕಡೆ ಗೊತ್ತಾಗ್ತಿಲ್ಲ. ಕೇಳಾಣ ಅಂತ ಬಂದೆ."

"ಮೈಸೂರಾಗೆ ಓದಿದೋರಿಗೆ ನಾನೇನು ಹೇಳ್ಲಿ ತಾಯಿ? ನಂಗೆ ನನ್ನ ಹೆಸರು ಬರಿಯಾಕೂ ಬರಲ್ಲ."

"ಕಣಿವೆ ನೀರು ಅಂತ ನೀಲಿ ಹಾಕೀನಿ. ಕೆಳಗೆ ಏನಿತ್ತು ಅಂತ ಮಕ್ಕಳು ಕೇಳಿದ್ರೆ ಏನು ಹೇಳ್ಲಿ? ಪಟದಾಗೆ ಬರೀ ನೀರೈತೆ. ನೇರಲಗೊಂದಿ ಎಲ್ಲಿತ್ತು ಅಜ್ಜಿ?"

ಅಜ್ಜಿ ಮುಖ ತಿರುಗಿಸಿದಳು. "ನೀರಾಗೆ ಹೋಗಿದ್ದನ್ನ ಯಾಕೆ ಎತ್ತೀಯಾ, ಬಿಡು."

ಮೇಷ್ಟ್ರಮ್ಮ ಒತ್ತಾಯಿಸಲಿಲ್ಲ. ಮಜ್ಜಿಗೆ ಕುಡಿದರು. ಲೋಟ ಕೆಳಗಿಡುತ್ತ, ಯಾವುದೋ ಬೇರೆ ಮಾತಿನಂತೆ, "ಬೆಳಿಗ್ಗೆ ಹೊಳೇಗೆ ನೀರಿಗೆ ಹೋಗೋವಾಗ ಬಿಸಿಲು ಯಾವ ಕೆನ್ನೆಗೆ ಬೀಳೋದು?" ಎಂದರು.

ಅಜ್ಜಿಯ ಕೈ ತಾನೇ ಎದ್ದು ಬಲಗೆನ್ನೆಯ ಮೇಲೆ ಕೂತಿತು. ತಿಪ್ಪಮ್ಮ ಅದನ್ನು ಕಂಡಳು. ಅಜ್ಜಿಯ ಸುಕ್ಕುಗೆನ್ನೆಯ ಮೇಲೆ ಎಲ್ಲಿಂದಲೋ, ಎಷ್ಟೋ ವರ್ಷದ ಹಿಂದಿನ ಎಳೆಬಿಸಿಲು ಬಂದು ಬಿದ್ದ ಹಾಗಿತ್ತು.

"ಬಲಗೆನ್ನೆ" ಎಂದಳು ಅಜ್ಜಿ ಮೆಲ್ಲಗೆ. "ತುಂಬಿದ ಕೊಡ ಹೊತ್ತು ಬರೋವಾಗ ಎಡಕ್ಕೆ. ಕೊಡದ ನೀರು ತುಳುಕಿ ಆ ಬಿಸಿಲಾಗೆ ಮಿಂಚೋದು."

"ಅಂದ್ರೆ ಹೊಳೆ ಊರಿಗೆ ಉತ್ತರಕ್ಕಿತ್ತು. ಎಷ್ಟು ದೂರ?"

"ಒಂದು ಎಲೆ ಅಡಿಕೆ ಅಗಿಯೋವಷ್ಟು. ಹೊಸದುರ್ಗದ ಸಂತೆಗೆ ಹೋಗೋರು ಬೆನ್ನಿಗೆ ಬಿಸಿಲು ತಗಂಡು ಹೋಗೋರು, ಬರೋವಾಗ ಸಂಜೆ ಬಿಸಿಲೂ ಬೆನ್ನಿಗೇ. ಮೊಕ ಸುಟ್ಟುಕೊಳ್ಳದ ಸಂತೆ ಅಂತ ಗಂಡಸ್ರು ಬೀಗೋರು." ಅಜ್ಜಿ ನಕ್ಕಳು. ಆಮೇಲೆ ಕೇಳುವುದೇ ಬೇಕಾಗಲಿಲ್ಲ. ಹುಣಿಸೆತೋಪು ಎಲ್ಲಿ, ಬಸವಣ್ಣನ ಗುಡಿಯ ಬಾಗಿಲು ಯಾವ ಕಡೆಗೆ, ಮದುವೆಯ ದಿನ ಬಂಡಿ ಯಾವ ಗುಡ್ಡದ ಸೆರಗು ಹಿಡಿದು ಬಂತು, ಎಲ್ಲ ಬಂತು. ಇಷ್ಟು ಕತೆ ಕೇಳಿದ್ದ ತಿಪ್ಪಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಯಾಕೆಂದರೆ ಅವಳು ಯಾವಾಗಲೂ "ಆಮೇಲೆ ಏನಾಯ್ತು?" ಎಂದು ಕೇಳಿದ್ದಳೇ ಹೊರತು "ಎಲ್ಲಿ?" ಎಂದು ಕೇಳಿರಲಿಲ್ಲ.

ಮಾತು ಮುಗಿಯುವಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದಳು. "ನೀನು ತಪ್ಪು ಜಾಗದಾಗೆ ಇಟ್ಟೀಯಾ. ನಾನೇ ಬಂದು ತೋರಿಸ್ತೀನಿ. ಮಲಗಿಸಿರೋದನ್ನೂ ಒಂದು ಸಲ ನೋಡಿಬಿಡ್ತೀನಿ."

ಅಂಗಳದ ಅಂಚಿನಲ್ಲಿ ಅವಳು ಬಹಳ ಹೊತ್ತು ನಿಂತಳು. ಅಜ್ಜಿ ಕೆಮ್ಮಣ್ಣಿನ ದಾರಿ ಹಿಡಿದು, ನೀಲಿಯ ದಕ್ಷಿಣದ ದಡಕ್ಕೆ ಬಂದು, ಮಂಡಿ ಹಿಡಿದುಕೊಂಡು ನಿಧಾನ ಕೂತಳು. ದಿನಾ ಬೆಳಗ್ಗೆ ಲಿಂಗಪೂಜೆಗೆ ಕೂರುವಂತೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಸೊಂಟದ ಗಂಟಿನಿಂದ ಚೂರು ವಿಭೂತಿ ಮುರಿದು, ಪುಡಿಮಾಡಿ, ನೀಲಿಯ ಒಳಗೆ ಒಂದು ಬೊಟ್ಟು ಇಟ್ಟಳು.

"ಇಲ್ಲಿ."

ಇಟ್ಟು ಕತ್ತೆತ್ತಿದಾಗ ಎದುರಿಗೆ ಹೊಳೆ, ಹೊಳೆಯಾಚೆ ಹಿರಿಯೂರು, ದೂರದಲ್ಲಿ ದುರ್ಗದ ಕಲ್ಲುಗುಪ್ಪೆ. ಅಜ್ಜಿ ಒಮ್ಮೆ ಸೂರ್ಯನ ಕಡೆ ನೋಡಿದಳು, ಒಮ್ಮೆ ತನ್ನ ಮಡಚಿದ ಕಾಲುಗಳ ಕಡೆ.

"ನಾನು ಪೂಜೆಗೆ ಕುಂತಿರೋ ದಿಕ್ಕೇ ಅಲ್ವೇನೇ ಇದು?"

"ಹೌದಜ್ಜಿ" ಎಂದಳು ತಿಪ್ಪಮ್ಮ.

"ಮಲಗಿಲ್ಲ ಬಿಡು ಹಂಗಾದ್ರೆ. ಕುಂತೈತೆ. ಸೀಮೆಗೆ ಸೀಮೆನೇ ಉತ್ತರಕ್ಕೆ ಮೊಕ ಮಾಡಿ ಪೂಜೆಗೆ ಕುಂತೈತೆ." ಮೇಷ್ಟ್ರಮ್ಮನ ಕಡೆ ತಿರುಗಿ ಗದರಿದಳು. "ಇದನ್ನ ಮೊದಲೇ ಹೇಳಬಾರದಾ ನೀನು?"

"ನಂಗೆಲ್ಲಿ ಗೊತ್ತಿತ್ತು ಅಜ್ಜಿ" ಎಂದರು ಮೇಷ್ಟ್ರಮ್ಮ. ನಿಜವಾಗಿಯೂ ಗೊತ್ತಿರಲಿಲ್ಲವೋ, ಅಜ್ಜಿಯ ಬಾಯಿಂದಲೇ ಬರಲಿ ಎಂದು ಕಾದರೋ, ತಿಪ್ಪಮ್ಮನಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ದೊಡ್ಡದೇ ಅನಿಸಿತು.

ಶನಿವಾರ ಭಾನುವಾರ ಎರಡೂ ದಿನ ಮರುಳಸಿದ್ದಮ್ಮ ಕೋಲೂರಿಕೊಂಡು ಮನೆಮನೆ ತಿರುಗಿದಳು. "ಕುಂತೈತೆ ಕಣ್ರೇ, ಮಲಗಿಲ್ಲ." ಕರುವಿನ ಮಾತು ಎತ್ತಿದವರಿಗೆ, "ಆ ಕರು ಎಳೇ ಜ್ವಾಳದ ಕುಡಿ ಮೇಯ್ದು ಸತ್ತಿದ್ದು. ನಾನೇ ದುಡುಕಿ ಅಂದುಬಿಟ್ಟೆ. ನನ್ನ ನಾಲಿಗೆಗೆ ಬರೆ ಹಾಕ್ಬೇಕು" ಎಂದಳು. ಆ ವಯಸ್ಸಿನಲ್ಲಿ ತನ್ನ ತಪ್ಪನ್ನು ಹೊಸಿಲು ಹೊಸಿಲಿಗೆ ಹೊತ್ತುಕೊಂಡು ಹೋಗಿ ಹೇಳುವುದು ಸುಲಭವಲ್ಲ. ಹಿಂದೆ ಹಿಂದೆ ನಡೆಯುತ್ತಿದ್ದ ತಿಪ್ಪಮ್ಮನಿಗೆ ಅಜ್ಜಿಯ ಬೆನ್ನು ಅಷ್ಟೊಂದು ನೆಟ್ಟಗಿರುವುದು ಅದೇ ಮೊದಲು ಕಂಡಿತು.

ಸೋಮವಾರ ಹದಿನಾರು ಹುಡುಗಿಯರು ಬಂದರು. ಅಜ್ಜಿಯೂ ಬಂದು ಜಗಲಿಯ ಕಂಬಕ್ಕೆ ಒರಗಿದಳು.

ಇನ್‌ಸ್ಪೆಕ್ಟರು ಹಿರಿಯೂರಿನಿಂದ ಬಿಳಿ ಕುದುರೆಯ ಮೇಲೆ ಬಂದರು. ಜರಿ ರುಮಾಲು, ಮುಚ್ಚುಗೋಟು, ಕಿರ್ರೆನ್ನುವ ಬೂಟು. ಹೊಲಿಗೆ ನೋಡಿದರು, ಮೂಗು ಮುರಿದರು. ಲೆಕ್ಕ ಕೇಳಿದರು, ಕಮಲಿ ಏಳು ಎಂಟಲ ಐವತ್ನಾಲ್ಕು ಅಂದಳು. ಅವರ ಮುಖ ಬಿಗಿಯುತ್ತ ಹೋಯಿತು. "ಭೂಗೋಳದ ಪಟ ಗೋಡೆಯ ಮೇಲೇಕಿಲ್ಲ?" ಎಂದು ಗೋಡೆಯ ಖಾಲಿ ಮೊಳೆಯನ್ನೇ ನೋಡುತ್ತ ಹಿಂದೆ ಹಿಂದೆ ಹೆಜ್ಜೆಯಿಟ್ಟು ಜಗಲಿಯಿಂದ ಅಂಗಳಕ್ಕೆ ಇಳಿದರು. ಎರಡು ಬೂಟೂ ನೀಲಿಪುಡಿಯ ನಟ್ಟನಡುವೆ ಹೋಗಿ ನಿಂತವು.

ಹದಿನಾರು ಬಾಯಿಗಳಿಂದ "ಅಯ್ಯೋ" ಹೊರಟಿತು.

"ಏನ್ ಸ್ವಾಮಿ, ಕಣ್ಣಿಲ್ವಾ?" ಅಜ್ಜಿ ಕಂಬ ಬಿಟ್ಟು ಎದ್ದಿದ್ದಳು. "ನೀರಾಗೆ ನಿಂತಿದೀರಿ! ಬೂಟಿನ ಕೆಳಗೆ ನಮ್ಮೂರೈತೆ!"

ಪಟೇಲರು ಹೌಹಾರಿದರು. ಮೇಷ್ಟ್ರಮ್ಮನ ಮುಖ ಬಿಳಿಚಿತು. ತಿಪ್ಪಮ್ಮನಿಗೆ ಶಾಲೆ ಕಣ್ಣೆದುರಿಗೇ ಮುಳುಗುತ್ತಿರುವಂತೆ ಕಂಡಿತು.

ಇನ್‌ಸ್ಪೆಕ್ಟರು ತಮ್ಮ ಕಾಲ ಕೆಳಗೆ ನೋಡಿದರು. ಆಮೇಲೆ ಸುತ್ತ ನೋಡಿದರು. ಹೊಳೆ, ಗುಡ್ಡ, ಕರಟ, ಅಡಿಕೆ, ಕಡಾಣಿ, ಒಂದೊಂದನ್ನೂ ನಿಧಾನವಾಗಿ ನೋಡಿದರು. ಅವರು ಕದಲಲಿಲ್ಲ.

"ಮುಳುಗುತ್ತಿದ್ದೇನೆ ಅನ್ನಿ" ಎಂದರು ಕೊನೆಗೆ. ದನಿ ಇನ್ನೂ ಬಿಗಿಯಾಗಿಯೇ ಇತ್ತು. "ದಡ ಸೇರುವುದು ಹೇಗೆ? ಯಾರಾದರೂ ಹೇಳುತ್ತೀರೋ, ಇಲ್ಲವೋ?"

ತಿಪ್ಪಮ್ಮ ಮೇಷ್ಟ್ರಮ್ಮನ ಕಡೆ ನೋಡಿದಳು. ಅವರು ಕಣ್ಣಲ್ಲೂ ಏನನ್ನೂ ಹೇಳಿಕೊಡಲಿಲ್ಲ. ಸುಮ್ಮನೆ ನಿಂತಿದ್ದರು, ಇವಳಿಗೆ ಗೊತ್ತಿದೆ ಎಂಬ ನಂಬಿಕೆಯಲ್ಲಿ ನಿಂತಂತೆ.

"ಈಶಾನ್ಯಕ್ಕೆ ಒಂದು ಹೆಜ್ಜೆ ಇಡ್ರಿ ಸ್ವಾಮಿ" ಎಂದಳು ತಿಪ್ಪಮ್ಮ. ಇನ್‌ಸ್ಪೆಕ್ಟರು ಕಾಲೆತ್ತಿದರು. "ಅದು ಆಗ್ನೇಯ! ಈ ಕಡೆ. ಹಾಂ. ಅದು ಮಾರಿಕಣಿವೆ ಕಟ್ಟೆ. ಈಗ ನೀರಿಲ್ಲ, ಉಸಿರು ಬಿಡ್ರಿ. ಕೆಂಪು ದಾರಿ ಹಿಡೀರಿ. ಹೊಳೆ ನಿಮ್ಮ ಜೊತೀಗೇ ಬರ್ತೈತೆ, ಹಿರಿಯೂರುತಂಕ."

"ಹಿರಿಯೂರಿನಿಂದ?"

"ವಾಯವ್ಯಕ್ಕೆ ದುರ್ಗ. ಬೆಳಿಗ್ಗೆ ಹೊರಟ್ರೆ ಬಿಸಿಲು ಬೆನ್ನಿಗೆ. ನೀರಿನ ಬುರುಡೆ ತಗಂಡು ಹೋಗ್ರಿ, ದಾರ್‍ಯಾಗೆ ಮರ ಕಮ್ಮಿ" ಎಂದಳು ಕಮಲಿ. ಲೆಕ್ಕದಲ್ಲಿ ಹೋದ ಮಾನವನ್ನು ಭೂಗೋಳದಲ್ಲಿ ಕಟ್ಟಿಕೊಳ್ಳುವ ಆತುರ ಅವಳಿಗೆ. ಅಷ್ಟರಲ್ಲಿ ಎಲ್ಲರಿಗೂ ಬಾಯಿ ಬಂದಿತ್ತು. ದುರ್ಗದ ಕಲ್ಲುಗುಪ್ಪೆ ಸುತ್ತಿಸಿ, ನೈಋತ್ಯಕ್ಕೆ ಹೊಳಲ್ಕೆರೆಗೆ ಇಳಿಸಿ, ಅಲ್ಲಿಂದ ದಕ್ಷಿಣಕ್ಕೆ ಹೊಸದುರ್ಗದ ಕರಟದ ಹತ್ತಿರ ತಂದು ನಿಲ್ಲಿಸುವಷ್ಟರಲ್ಲಿ ಸಾಹೇಬರ ರುಮಾಲು ಓರೆಯಾಗಿತ್ತು, ಬೂಟು ಕೆಂಪಾಗಿತ್ತು. ಒಬ್ಬ ಹುಡುಗಿಯೂ ಒಂದು ದಿಕ್ಕನ್ನೂ ತಪ್ಪಲಿಲ್ಲ.

ಅವರು ನೀಲಿಯಲ್ಲಿ ಕಲಸಿಹೋಗಿದ್ದ ಬಿಳಿಯ ಬೊಟ್ಟಿನ ಕಡೆ ಕೈ ತೋರಿಸಿದರು. "ಇದು ನಮ್ಮ ಪಟದಲ್ಲಿ ಇಲ್ಲವಲ್ಲ?"

"ಪಟದಲ್ಲಿ ಇಲ್ಲ ಸ್ವಾಮಿ" ಎಂದರು ಮೇಷ್ಟ್ರಮ್ಮ. "ಊರಿನವರಲ್ಲಿ ಇದೆ. ಕೇಳಿ ಬರೆದದ್ದು."

ಇನ್‌ಸ್ಪೆಕ್ಟರು ಅಜ್ಜಿಯ ಕಡೆ ತಿರುಗಿದರು. "ಕಾಲಿಟ್ಟಿದ್ದು ತಪ್ಪಾಯಿತಮ್ಮ" ಎಂದು ಹೇಳಿ, ಪಡಸಾಲೆಗೆ ಹೋಗಿ ಶಾಲೆಯ ಪುಸ್ತಕ ತೆರೆದು ಬರೆದರು. ಹೊಲಿಗೆ ಸಾಲದು, ಮಗ್ಗಿ ಇನ್ನೂ ಗಟ್ಟಿಯಾಗಬೇಕು. ಭೂಗೋಳವನ್ನು ಇಲ್ಲಿಯಂತೆ ಕಲಿಸುವುದನ್ನು ತಾವು ಬೇರೆಲ್ಲೂ ಕಂಡಿಲ್ಲ, ಉಪಾಧ್ಯಾಯಿನಿಯನ್ನು ಇಲ್ಲಿಂದ ಕದಲಿಸಕೂಡದು, ಶಾಲೆ ಮುಂದುವರಿಯತಕ್ಕದ್ದು. ಮೇಷ್ಟ್ರಮ್ಮ ಅದನ್ನು ಎಲ್ಲರಿಗೂ ಓದಿ ಹೇಳಿದರು.

ಕುದುರೆ ಊರು ದಾಟಿದ ಮೇಲೆ ಹುಡುಗಿಯರು ಪೊರಕೆ ಹಿಡಿದು ಅಂಗಳಕ್ಕಿಳಿದರು. ನಾಲ್ಕು ತಾಲ್ಲೂಕು ಕೆಂಪು ನೀಲಿ ಬಿಳಿಯೆಲ್ಲ ಕೂಡಿ ಒಂದು ಗುಪ್ಪೆಯಾದವು. ತಿಪ್ಪಮ್ಮನಿಗೆ ಗುಡಿಸಲು ಮನಸ್ಸಾಗಲಿಲ್ಲ. ಆದರೆ ಅಜ್ಜಿಗೆ ಹಾಗೇನೂ ಅನಿಸಿದಂತಿರಲಿಲ್ಲ. ಸಗಣಿನೀರಿನ ಗಡಿಗೆಯನ್ನು ತಾನೇ ಎತ್ತಿಕೊಟ್ಟಳು.

"ನಾಳೆ ಎತ್ತಲಾಗೆ ಹೋಗ್ತೀರಿ ಮೇಷ್ಟ್ರಮ್ಮ?"

"ಇನ್ನು ದೊಡ್ಡ ನಕ್ಷೆ ಅಜ್ಜಿ. ಶಿರಾ, ತುಮಕೂರು ದಾಟಿ ಮೈಸೂರಿಗೆ."

"ಅಷ್ಟು ದೂರ!" ಅಜ್ಜಿ ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ಯೋಚಿಸಿದಳು. "ಹಂಗಾದ್ರೆ ಹೊತ್ತಿಗೆ ಮುಂಚೆ ಎಬ್ಬಿಸ್ತೀನಿ. ಎಲ್ಲಾರ್ಗೂ ಸೇರಿಸಿ ಬುತ್ತಿ ಕಟ್ತೀನಿ, ನಾನೂ ಬರ್ತೀನಿ."